ಜೋಡಿ ನಿದ್ದೆ

ಮೂರು ವರ್ಷಗಳಿಂದ ಒಂದು ಪೂರ್ತಿ ವಾಕ್ಯವನ್ನೂ ಆಡಲಾಗದಿದ್ದ ಫಕೀರಪ್ಪ ಚಿತ್ರಗಾರ, ಧಾರವಾಡದಲ್ಲಿ ಒಂದು ಬುಧವಾರ ಮಧ್ಯಾಹ್ನ ತನ್ನ ಮಗಳಿಗೆ, "ಏಣಿ ಗಟ್ಟಿ ಹಿಡಕೋ ತಂಗಿ, ಅಲ್ಲಾಡಾಕತ್ತೈತಿ," ಎಂದ.

ಆ ಮಾತನ್ನು ಕೇಳಿದವಳು ಮಗಳು ಕಸ್ತೂರಿ ಒಬ್ಬಳೇ. ಏಕೆಂದರೆ ಆಗ ಇಬ್ಬರೂ ನಿದ್ದೆಯಲ್ಲಿದ್ದರು.

ಅದು ಗದಗಿನ ಪೇಟೆಯ ಬೀದಿ, ಆದರೆ ಪೂರ್ತಿ ಅದೇ ಅಲ್ಲ. ಗಾಡಿಗಳಿರಲಿಲ್ಲ, ಜನರಿರಲಿಲ್ಲ. ಬೆಳಗಿನ ಹನ್ನೊಂದರ ಬಿಸಿಲು ಬಿದ್ದಿತ್ತು, ನೆರಳುಗಳು ಇದ್ದಲ್ಲಿಂದ ಸರಿಯುತ್ತಿರಲಿಲ್ಲ. ಎರಡೂ ಬದಿಗೆ ಕಣ್ಣು ಹಾಯುವಷ್ಟು ದೂರ ಸುಣ್ಣ ಬಳಿದ ಗೋಡೆಗಳು. ಬಿದಿರಿನ ಏಣಿಯ ತುದಿಯಲ್ಲಿ ಅಪ್ಪ ನಿಂತಿದ್ದ. ಎಡಗೈಯಲ್ಲಿ ಬಣ್ಣದ ಡಬ್ಬಿ, ಬಲಗೈಯಲ್ಲಿ ಚಪ್ಪಟೆ ಬ್ರಷ್ಷು. ಕೈ ನಡುಗುತ್ತಿರಲಿಲ್ಲ. 'ಗ' ಅಕ್ಷರದ ಕಮಾನನ್ನು ಅವನು ಒಂದೇ ಉಸಿರಿಗೆ ಎಳೆದ. ಹಸಿ ಬಣ್ಣದ ಅಕ್ಷರಗಳು ಗೋಡೆಯ ಮೇಲೆ ಮೀನಿನ ಹಾಗೆ ಸ್ವಲ್ಪ ಈಜಾಡಿ, ಆಮೇಲೆ ತಮ್ಮ ತಮ್ಮ ಜಾಗದಲ್ಲಿ ಕೂರುತ್ತಿದ್ದವು. ಕಸ್ತೂರಿ ಓದಿದಳು: 'ಇಲ್ಲಿ ಗಾಳಿ ರಿಪೇರಿ ಮಾಡಲಾಗುವುದು.'

"ಅಪ್ಪಾ, ಇಂಥಾ ಅಂಗಡಿ ಎಲ್ಲೈತಿ?"

"ಬೋರ್ಡ್ ಬರದ ಮ್ಯಾಲೆ ಅಂಗಡಿ ತಾನ ಬರತೈತಿ," ಎಂದ ಅಪ್ಪ, ತಿರುಗಿ ನೋಡದೆ. "ನಿಮ್ಮವ್ವಗ ಹೇಳು, ಆ ಟೀವಿ ಬಂದ್ ಮಾಡು ಅಂತ. ಮೂರು ವರ್ಷ ಆತು, ಅತ್ತಿ ಸೊಸಿ ಜಗಳ ಕೇಳಿ ಕೇಳಿ ತಲಿ ಸಿಡದು ಹೋಗೈತಿ."

ಕಸ್ತೂರಿ ಕನಸಿನಲ್ಲೇ ನಕ್ಕಳು. ಎಚ್ಚರವಾದಾಗ ಕಿವಿಯವರೆಗೆ ಕಣ್ಣೀರು ಹರಿದಿತ್ತು. ಪಕ್ಕದ ಮಂಚದ ಮೇಲೆ ಅಪ್ಪನಿಗೂ ಎಚ್ಚರವಾಗುತ್ತಿತ್ತು. ಮೊದಲು ಬೆರಳುಗಳು, ಆಮೇಲೆ ಭುಜ, ಆಮೇಲೆ ಕತ್ತು ಒಂದೊಂದಾಗಿ ತಮ್ಮ ಕುಣಿತ ಶುರುಮಾಡಿದವು. ಬಾಯಿಂದ ಬಂದದ್ದು ಹಳೆಯ ಆ ಒಂದೇ ಸದ್ದು.

*

ಫಕೀರಪ್ಪನ ಕೈಬರಹ ಗದಗ ಬೆಟಗೇರಿಯ ಅರ್ಧ ಅಂಗಡಿಗಳ ನೆತ್ತಿಯ ಮೇಲಿತ್ತು. ಅವನು ದಾರ ಹಿಡಿದು ಗೆರೆ ಹಾಕಿಕೊಳ್ಳುತ್ತಿರಲಿಲ್ಲ, ಕಣ್ಣಳತೆ ಸಾಕಿತ್ತು. ಅವನ ನಲವತ್ತೆಂಟನೆಯ ವಯಸ್ಸಿನಲ್ಲಿ ಬಟ್ಟೆ ಅಂಗಡಿಯವನೊಬ್ಬ, "ಫಕೀರಪ್ಪಣ್ಣ, ಅಕ್ಷರ ಗುಡ್ಡ ಹತ್ತಿದಂಗ ಕಾಣತಾವಲ್ಲ," ಎಂದು ಬೋರ್ಡು ತಿರುಗಿಸಿ ಕಳಿಸಿದ. ಆಮೇಲೆ ಬ್ರಷ್ಷು ಜಾರತೊಡಗಿತು. ನಡಿಗೆ ತೂರಾಡತೊಡಗಿತು. ಜನ್ಮದಲ್ಲಿ ಹೆಂಡ ಮುಟ್ಟದವನನ್ನು ಜನ ಕುಡುಕನೆಂದರು. ಸಣ್ಣ ಮಾತಿಗೆ ತಟ್ಟೆ ಎಸೆಯುತ್ತಿದ್ದ, ಎಸೆದ ಮೇಲೆ ಮೂಲೆಯಲ್ಲಿ ಕೂತು ಅಳುತ್ತಿದ್ದ. ಅವನ ತಾಯಿಯೂ ಹೀಗೇ ಕುಣಿದು ಕುಣಿದು ಸತ್ತಿದ್ದಳು. ಆಗಿನವರು ಅದನ್ನು ಗಾಳಿ ಸೋಕಿದ್ದು ಎಂದಿದ್ದರು.

ಅದಕ್ಕೆ ಹಂಟಿಂಗ್ಟನ್ ಕಾಯಿಲೆ ಎಂಬ ಹೆಸರಿದೆ. ಮಿದುಳಿನ ಆಳದ ಒಂದು ಭಾಗ ಮೆಲ್ಲಗೆ ಸವೆಯುತ್ತದೆ. ತಂದೆಗೋ ತಾಯಿಗೋ ಇದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕೆ ಅರ್ಧ. ರಕ್ತ ಕೊಟ್ಟರೆ ಇದೆಯೋ ಇಲ್ಲವೋ ತಿಳಿಯುತ್ತದೆ. ಫಕೀರಪ್ಪನ ಮಕ್ಕಳಿಬ್ಬರೂ ರಕ್ತ ಕೊಟ್ಟಿರಲಿಲ್ಲ. ಕಸ್ತೂರಿಗೆ ಮೂವತ್ತೊಂದು, ಕನ್ನಡಕದ ಅಂಗಡಿಯೊಂದರಲ್ಲಿ ಕಣ್ಣು ಪರೀಕ್ಷೆ ಮಾಡುತ್ತಿದ್ದಳು. ನೋಡಲು ಬಂದ ಗಂಡುಗಳನ್ನು ಏನಾದರೊಂದು ನೆಪ ಹೇಳಿ ಕಳಿಸುತ್ತಿದ್ದಳು. ಅಣ್ಣ ಮೈಲಾರಿ ಅವಳಿಗಿಂತ ಆರು ವರ್ಷ ದೊಡ್ಡವನು, ಮುದ್ರಣಾಲಯದಲ್ಲಿ ಕೆಲಸ. ಕಾಯಿಲೆ ವಂಶದ್ದೆಂದು ತಿಳಿಯುವ ಹೊತ್ತಿಗೆ ಅವನಿಗೆ ಮದುವೆಯಾಗಿ ಹೆಣ್ಣು ಮಗು ಹುಟ್ಟಿತ್ತು. ಅಂದಿನಿಂದ ಅವನು ಅಪ್ಪನ ಕೋಣೆಗೆ ಕಾಲಿಟ್ಟಿರಲಿಲ್ಲ. "ಗೊತ್ತಿದ್ದೂ ಗೊತ್ತಿದ್ದೂ ನಮ್ಮನ್ನ ಹಡದಾರ," ಎನ್ನುತ್ತಿದ್ದ. ಅದು ನಿಜವೋ ಸುಳ್ಳೋ ಕೇಳೋಣವೆಂದರೆ ಅಪ್ಪನ ಬಾಯಿ ಆಗಲೇ ಮುಚ್ಚಿಹೋಗಿತ್ತು, ಅವ್ವ ಆ ಮಾತು ತೆಗೆದರೆ ಎದ್ದು ಅಡುಗೆಮನೆ ಸೇರುತ್ತಿದ್ದಳು.

*

ಧಾರವಾಡದ ಡಾಕ್ಟರ್ ಝರೀನಾ ಮುಲ್ಲಾ ಈ ಕಾಯಿಲೆಯವರನ್ನು ಇಪ್ಪತ್ತು ವರ್ಷ ನೋಡಿದವರು. ಎಲ್ಲ ವೈದ್ಯರಿಗೂ ಗೊತ್ತಿದ್ದ ಒಂದು ಸಂಗತಿ ಅವರನ್ನು ಮಾತ್ರ ಬಿಡದೆ ಕಾಡಿತ್ತು: ಎಚ್ಚರವಿದ್ದಾಗ ಗಳಿಗೆಯೂ ಸುಮ್ಮನಿರದ ದೇಹ, ಗಾಢ ನಿದ್ದೆಯಲ್ಲಿ ಸುಮ್ಮನಾಗುತ್ತದೆ. ಹಾಗಿದ್ದರೆ ಆಗ ಒಳಗಿರುವ ಮನುಷ್ಯ ಏನು ಮಾಡುತ್ತಿರುತ್ತಾನೆ?

ಅವರು ಕಟ್ಟಿದ ಯಂತ್ರ ನೋಡಲು ತೀರಾ ಸಾಮಾನ್ಯ. ಎರಡು ಮಂಚ, ಎರಡು ಟೊಪ್ಪಿಗೆ, ನಡುವೆ ಒಂದು ಕಪಾಟಿನಷ್ಟು ದೊಡ್ಡ ಪೆಟ್ಟಿಗೆ. ಒಬ್ಬರ ನಿದ್ದೆಯ ಅಲೆಯನ್ನು ಓದಿ ಅದನ್ನು ಇನ್ನೊಬ್ಬರ ತಲೆಗೆ ಮೆಲ್ಲಗೆ ತಟ್ಟುತ್ತದೆ, ಮಗುವನ್ನು ತಟ್ಟಿ ಮಲಗಿಸಿದಂತೆ. ಇಪ್ಪತ್ತು ನಿಮಿಷದಲ್ಲಿ ಎರಡೂ ಅಲೆಗಳು ಹೊಂದಿಕೊಳ್ಳುತ್ತವೆ. ಆಮೇಲೆ ಇಬ್ಬರಿಗೂ ಒಂದೇ ಕನಸು. ಗುರುತಿಲ್ಲದವರ ನಡುವೆ ಇದು ಸಾಗುವುದಿಲ್ಲ. ವರ್ಷಗಟ್ಟಲೆ ಒಂದೇ ಸೂರಿನಡಿ ಮಲಗಿ ಎದ್ದವರಾಗಿರಬೇಕು.

ಮೊದಲ ದಿನವೇ ಝರೀನಾ ಕಸ್ತೂರಿಯನ್ನು ಕೂರಿಸಿಕೊಂಡು ಹೇಳಿದ್ದರು. "ಒಂದು ಮಾತು ಮೊದಲ ಹೇಳ್ತೀನಿ. ಈ ಯಂತ್ರ ನಿಮ್ಮ ಮಿದುಳನ್ನೂ ಓದ್ತದ. ಕಾಯಿಲೆ ನಿಮಗೂ ಬರೂದಿದ್ರ, ನಿಮ್ಮ ಅಲೆಯೊಳಗ ಒಂದು ಸಣ್ಣ ತಡವರಿಕೆ ಕಾಣ್ತದ. ರಕ್ತ ಕೊಡದೇನ ನನಗ ಗೊತ್ತಾಗ್ತದ."

"ನೀವು ನನಗ ಹೇಳಬ್ಯಾಡ್ರಿ."

"ನೀವು ಕೇಳೂತನಕ ಹೇಳೂದಿಲ್ಲ."

"ನಿಮ್ಮ ಮಾರಿ ನೋಡಿದ್ರ ಗೊತ್ತಾಗತೈತೇನ್ರಿ?"

ಝರೀನಾ ಟೊಪ್ಪಿಗೆಯ ತಂತಿ ಬಿಡಿಸುತ್ತ ಹೇಳಿದರು. "ಇಪ್ಪತ್ತು ವರ್ಷ ಈ ಮಾರಿ ಇಟ್ಕೊಂಡು ಕೂತೀನಿ. ಗೊತ್ತಾಗೂದಿಲ್ಲ."

*

ಗದಗಿನ ಮನೆಯಲ್ಲಿ ಅವ್ವ ಕಾಶವ್ವ ಬಾಗಿಲಲ್ಲೇ ಕಾಯುತ್ತಿದ್ದಳು. ಫಕೀರಪ್ಪನನ್ನು ಹಾಸಿಗೆಗೆ ಸೇರಿಸಿ, ಸುತ್ತ ದಿಂಬು ಒಟ್ಟಿ, ಆಮೇಲೆ ಮಗಳನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಮಾತಾಡಿದ್ರೇನು?"

"ಹೂಂ ಯವ್ವಾ. ಛಂದಂಗಿ ಮಾತಾಡಿದ್ರು."

"ಏನಂದ್ರು?"

"ಟೀವಿ ಬಂದ್ ಮಾಡು ಅಂದ್ರು."

ಕಾಶವ್ವ ಬಾಯಿ ಮೇಲೆ ಸೆರಗು ಇಟ್ಟುಕೊಂಡಳು. ಹೊತ್ತು ಹೋಗಲಿ ಪಾಪ ಎಂದು ಮೂರು ವರ್ಷ ಅವಳೇ ಗಂಡನ ಮುಂದೆ ಧಾರಾವಾಹಿ ಹಚ್ಚಿ ಕೂರಿಸುತ್ತಿದ್ದಳು. ಕೈ ಬೀಸಿ ಬೀಸಿ ಅವನು ಬೇಡ ಎನ್ನುತ್ತಿದ್ದದ್ದು ಕಾಯಿಲೆಯ ಬೀಸು ಎಂದುಕೊಂಡಿದ್ದಳು. ಎದ್ದು ಹೋಗಿ ಟೀವಿಯ ವೈರು ಕಿತ್ತಳು. ಬಂದು ಮತ್ತೆ ಮೆಲ್ಲಗೆ ಕೇಳಿದಳು: "ನನ್ನ ಹೆಸರು ತಗದ್ರೇನು?"

ಮುಂದಿನ ಬುಧವಾರಗಳಲ್ಲಿ ಹೀಗೆ ಒಂದೊಂದೇ ಸುದ್ದಿ ಬಂತು. ಹಾಲು ರೊಟ್ಟಿ ತಿಂದು ನಾಲಿಗೆ ಸತ್ತುಹೋಗಿದೆ, ಖಾರದ ಚಟ್ನಿಪುಡಿ, ಶೇಂಗಾ ಹಿಂಡಿಯೇ ಬೇಕು. ಮಂಚವನ್ನು ಕಿಟಕಿ ಕಡೆ ತಿರುಗಿಸಬೇಕು. ತುತ್ತು ಕೊಡುವಾಗ 'ಆ ಅನ್ರಿ' ಎಂದು ಕೂಸಿಗೆ ಹೇಳಿದಂತೆ ಹೇಳಬಾರದು. ಕಾಶವ್ವ ಹಿಂಡಿಯನ್ನು ನುಣ್ಣಗೆ ಅರೆದು ಗಂಜಿಯಲ್ಲಿ ಕಲಸಿ ಕೊಟ್ಟಳು. ಫಕೀರಪ್ಪ ಕೆಮ್ಮಿದ, ಕಣ್ಣಲ್ಲಿ ನೀರು ಬಂತು, ಆದರೂ ಮತ್ತೆ ಬಾಯಿ ತೆರೆದ. ಮನೆಯಲ್ಲಿ ಬಹಳ ದಿನಗಳ ಮೇಲೆ ಒಬ್ಬ ಯಜಮಾನ ಇದ್ದ ಹಾಗಾಯಿತು.

ನಾಲ್ಕನೆಯ ಬುಧವಾರ ಕಸ್ತೂರಿ, ಕೇಳಬಾರದೆಂದುಕೊಂಡಿದ್ದನ್ನು ಕೇಳಿದಳು.

ಆ ದಿನ ಗೋಡೆಗಳು ಹಿಂದಿಗಿಂತ ಎತ್ತರವಾಗಿದ್ದವು. ಅಪ್ಪ ಬರೆಯುತ್ತಿದ್ದದ್ದು 'ಹಳೆಯ ಮಧ್ಯಾಹ್ನಗಳು ದೊರೆಯುತ್ತವೆ' ಎಂದು. ಎಣ್ಣೆ ಬಣ್ಣದ ವಾಸನೆ ಬೀದಿ ತುಂಬ ಮಂಜಿನಂತೆ ನಿಂತಿತ್ತು.

"ಅಪ್ಪಾ, ನಿಂಗ ಇದು ಯಾವಾಗ ಗೊತ್ತಾತು? ನಾವು ಹುಟ್ಟೂಕಿಂತ ಮೊದಲ ಗೊತ್ತಿತ್ತೇನು?"

ಫಕೀರಪ್ಪನ ಬ್ರಷ್ಷು ನಿಂತಿತು. ಅವನು ಏಣಿಯ ಒಂದೊಂದೇ ಮೆಟ್ಟಿಲು ಇಳಿದು ಬಂದ. ಇಳಿಯುವುದಕ್ಕೆ ಒಂದು ಇಡೀ ಋತು ಹಿಡಿದ ಹಾಗಿತ್ತು.

"ಮೈಲಾರಿ ಹುಟ್ಟಿದಾಗ ಗೊತ್ತಿರಲಿಲ್ಲ," ಎಂದ. "ಅವಂಗ ನಾಕು ವರ್ಷ ಇದ್ದಾಗ, ನಮ್ಮವ್ವ ಸತ್ತ ಮ್ಯಾಲೆ, ಹುಬ್ಬಳ್ಳಿ ಡಾಕ್ಟರ್ ಒಬ್ರು ಹೇಳಿದ್ರು."

"ಅಂದ್ರ ನಾನು?"

"ನೀನು ಹುಟ್ಟೂಮುಂದ ಗೊತ್ತಿತ್ತು."

"ಗೊತ್ತಿದ್ದೂ?"

"ಹೂಂ. ನಾ ಒಬ್ಬಾವನ ತೀರ್ಮಾನ ಮಾಡಿದ್ದು. ನಿಮ್ಮವ್ವಗ ಏನೂ ಹೇಳಿರಲಿಲ್ಲ. ಬೈಯೂದಿದ್ರ ನನಗ ಬೈ."

ಗೋಡೆಯ ಅಕ್ಷರಗಳೆಲ್ಲ ಕಾಲು ಬಂದಂತೆ ಕೆಳಗೆ ಹರಿದವು. ಬೀದಿ ಒಂದು ಕಡೆಗೆ ವಾಲಿತು. ಪಕ್ಕದ ಕೋಣೆಯಲ್ಲಿ ಪರದೆಯ ಮುಂದೆ ಕೂತಿದ್ದ ಝರೀನಾ, ಜೊತೆಯಾಗಿ ಹರಿಯುತ್ತಿದ್ದ ಎರಡು ಗೆರೆಗಳು ಕತ್ತರಿಸಿದಂತೆ ಬೇರೆಯಾದದ್ದನ್ನು ಕಂಡರು. ಅವರು ಒಳಗೆ ಓಡಿ ಬರುವಷ್ಟರಲ್ಲಿ ಕಸ್ತೂರಿ ಎದ್ದು ಕೂತು ಟೊಪ್ಪಿಗೆ ಕಿತ್ತೆಸೆದಿದ್ದಳು.

*

ಎರಡು ದಿನ ಕಸ್ತೂರಿ ಅಪ್ಪನ ಮಂಚದ ಬಳಿ ಸುಳಿಯಲಿಲ್ಲ. ಅಂಗಡಿಯಲ್ಲಿ ಮುದುಕರೊಬ್ಬರು ಪರೀಕ್ಷೆಯ ಅಕ್ಷರಗಳನ್ನು ತಪ್ಪಾಗಿ ಓದಿದಾಗ ಸಿಡುಕಿದಳು. ಮೂರನೆಯ ದಿನ ಕಾಶವ್ವ ಶೇಂಗಾ ಸುಲಿಯುತ್ತ ಕೂತವಳು ಮಗಳನ್ನು ಕರೆದಳು.

"ಅಪ್ಪಗ ಒಂದ್ ತುತ್ತು ಕೊಡವಲ್ಲಿ. ಏನಾಗೈತಿ?"

ಕಸ್ತೂರಿ ಹೇಳಿದಳು. ಹೇಳುತ್ತ ಹೇಳುತ್ತ ದನಿ ಏರಿತು. "ನಿನಗೂ ಮೋಸ ಮಾಡ್ಯಾರ ಯವ್ವಾ. ನಿನಗ ಹೇಳಲಿಲ್ಲಂತ. ತಾವೊಬ್ರ ತೀರ್ಮಾನ ಮಾಡಿದ್ರಂತ."

ಕಾಶವ್ವನ ಕೈಯಲ್ಲಿದ್ದ ಶೇಂಗಾ ಕಾಯಿ ಹಾಗೇ ಉಳಿಯಿತು.

"ಹಂಗಂದ್ರೇನು ಅವ್ರು?"

"ಹಂಗ ಅಂದ್ರು."

ಕಾಶವ್ವ ಮೊರವನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಹೇಳಿದಳು. "ಡಾಕ್ಟರ್ ಹೇಳೂಮುಂದ ನಾನೂ ಬಾಜೂಕ ಕುಂತಿದ್ದೆ. ಅರ್ಧಕ್ಕರ್ಧ ಅಂದ್ರು. ಇನ್ನ ಮಕ್ಕಳು ಬ್ಯಾಡಂತ ಇಬ್ರೂ ಮಾತಾಡ್ಕೊಂಡ್ವಿ. ವರ್ಷ ಒಪ್ಪತ್ತಿನಾಗ ನೀ ಹೊಟ್ಟ್ಯಾಗ ಬಂದಿ. ಅವ್ರು ತಗಸೂಣು ಅಂದ್ರು. ಸಿಟ್ಟಿಲೆ ಅಲ್ಲ, ಅತಗೋತ ಅಂದ್ರು. ನಾನೂ ಹೂಂ ಅಂದೆ. ದವಾಖಾನಿಗೆ ಹೋಗಿ ಚೀಟಿ ಬರಸಿ ಕುಂತ್ವಿ. ನರ್ಸ್‌ಬಾಯಿ ನನ್ನ ಹೆಸರು ಕರದ್ಲು. ನಾ ಎದ್ದೆ. ಎದ್ದು ಒಳಗ ಹೋಗೂದು ಬಿಟ್ಟು ಹೊರಗ ನಡದೆ. ಬಸ್ ಸ್ಟ್ಯಾಂಡ್ ತನಕ ಹೊಳ್ಳಿ ನೋಡಲಿಲ್ಲ."

"ಅಪ್ಪ?"

"ಹಿಂದ ಓಡಿ ಬಂದ್ರು. ಬೈತಾರ ಅಂತ ಅಂಜಿದ್ದೆ. ಒಂದ್ ಮಾತು ಬೈಲಿಲ್ಲ. ಬಸ್ಸಿನಾಗ ಕಿಟಕಿ ಬಾಜೂ ನನ್ನ ಕುಂಡ್ರಿಸಿದ್ರು. ಊರು ಬರೂತನಕ ಸುಮ್ಮನ ಕುಂತಿದ್ರು. ಇಳಿಯೂಮುಂದ, 'ಹುಡುಗಿ ಆದ್ರ ಕಸ್ತೂರಿ ಅಂತ ಇಡೂಣು' ಅಂದ್ರು." ಕಾಶವ್ವ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಹೊಳ್ಳಿ ಬಂದಾಕಿ ನಾನು. ಅವ್ರಲ್ಲ. ಕನಸಿನಾಗೂ ನನ್ನ ಮ್ಯಾಲೆ ತಪ್ಪು ಬರಗೊಡಲಿಲ್ಲ ನೋಡು."

ಕಸ್ತೂರಿ ಅವ್ವನ ಸೀರೆಗೆ ಅಂಟಿದ್ದ ಶೇಂಗಾ ಸಿಪ್ಪೆ ಕೊಡವಿದಳು. ಎದ್ದು ಅಪ್ಪನ ಕೋಣೆಗೆ ಹೋದಳು. ಕಿಟಕಿಯ ಬೆಳಕಿನಲ್ಲಿ ಫಕೀರಪ್ಪನ ತೋಳುಗಳು ಗಾಳಿಯಲ್ಲಿ ಯಾವುದೋ ದೊಡ್ಡ ಅಕ್ಷರವನ್ನು ಬರೆದು ಅಳಿಸಿ ಬರೆದು ಅಳಿಸುತ್ತಿದ್ದವು. ಹತ್ತಿರ ಕೂತಾಗ ಬೀಸಿ ಬಂದ ಕೈ ಅವಳ ಕೆನ್ನೆಗೆ ಬಡಿಯಿತು. ಅವನ ಕಣ್ಣುಗಳು ಗಾಬರಿಯಿಂದ ಅಗಲವಾದವು. ಅವಳು ಆ ಕೈಯನ್ನು ಹಿಡಿದು ತನ್ನ ತೊಡೆಯ ಮೇಲೆ ಒತ್ತಿಟ್ಟುಕೊಂಡಳು. ಅದು ಸಿಕ್ಕಿಬಿದ್ದ ಹಕ್ಕಿಯಂತೆ ಮಿಡುಕುತ್ತಲೇ ಇತ್ತು.

"ಅವ್ವ ಎಲ್ಲಾ ಹೇಳಿದ್ಲಪ್ಪಾ," ಎಂದಳು. "ಸುಳ್ಳು ಹೇಳಾಕೂ ಬರೂದಿಲ್ಲ ನಿಂಗ."

*

ಮರುದಿನ ಅವಳು ಅಣ್ಣನ ಮುದ್ರಣಾಲಯಕ್ಕೆ ಹೋದಳು. ಮೈಲಾರಿ ಕಾಗದದ ಕಟ್ಟುಗಳ ನಡುವೆ ನಿಂತೇ ಎಲ್ಲ ಕೇಳಿಸಿಕೊಂಡ.

"ನಾ ಹುಟ್ಟೂಮುಂದ ಗೊತ್ತಿರಲಿಲ್ಲಾ?"

"ಇರಲಿಲ್ಲಣ್ಣಾ. ಗೊತ್ತಿದ್ದು ಹುಟ್ಟಿದಾಕಿ ನಾನು."

"ನಿನಗ ಸಿಟ್ಟು ಬರವಲ್ದೇನು?"

"ಬಂದಿತ್ತು. ಇನ್ನೂ ಅಷ್ಟಿಷ್ಟು ಐತಿ."

ಮೈಲಾರಿ ಕೈಗೆ ಹತ್ತಿದ ಮಸಿಯನ್ನು ಬಟ್ಟೆಯಿಂದ ಒರೆಸುತ್ತಲೇ ಇದ್ದ. ಮಸಿ ಆಗಲೇ ಹೋಗಿತ್ತು. "ಮೂರು ವರ್ಷ ನಾ ಆ ಕ್ವಾಣಿಗೆ ಹೋಗಿಲ್ಲ," ಎಂದ. "ಈಗ ಹೋದ್ರ ಏನಂತ ಮಾತಾಡ್ಲಿ?"

ಅವನು ಬುಧವಾರ ಬಂದ. ಒಂದೇ ಕರಾರು ಹಾಕಿದ: ತನ್ನ ಅಲೆಯಲ್ಲಿ ಏನು ಕಂಡರೂ ಅಂದೇ ಹೇಳಬೇಕು, ಮಗಳ ಭವಿಷ್ಯ ಅದರ ಮೇಲೆ ನಿಂತಿದೆ. ಝರೀನಾ ಒಪ್ಪಿದರು. ಕಸ್ತೂರಿ ಮೊದಲ ಸಲ ಪರದೆಯ ಕೋಣೆಯಲ್ಲಿ ಕೂತಳು. ಗಾಜಿನ ಆಚೆ ಅಪ್ಪ ಮಗ ಇಬ್ಬರೂ ಒಂದೇ ರೀತಿ ಬಾಯಿ ತೆರೆದು ಮಲಗಿದ್ದರು. ಎರಡು ಹಸಿರು ಗೆರೆಗಳು ಮೊದಲು ಒಂದನ್ನೊಂದು ಅಟ್ಟಿಸಿಕೊಂಡು ಹೋದವು, ಆಮೇಲೆ ಸುಸ್ತಾದವರಂತೆ ಜೊತೆಗೂಡಿ ನಡೆದವು.

ಎದ್ದ ಮೈಲಾರಿ ಅಂಗೈ ನೋಡಿಕೊಂಡ. "ಏಣಿ ಮ್ಯಾಲೆ ಹತ್ತಿಸಿದ್ರು," ಎಂದ. "ನಾ ಬರದ ಅಕ್ಷರ ನೋಡಿ, 'ಒತ್ತು ಸಣ್ಣದಾತು, ಅಳಿಸಿ ಬರಿ' ಅಂದ್ರು. ಮೂರು ವರ್ಷ ಯಾಕ ಬರಲಿಲ್ಲ ಅಂತ ಕೇಳಲೇ ಇಲ್ಲ."

ಝರೀನಾ ಅವನನ್ನು ಪಕ್ಕಕ್ಕೆ ಕರೆದು ಹೇಳಿದರು: ಇಲ್ಲ. ಅವನಿಗಿಲ್ಲ. ಅವನ ಮಗಳಿಗೂ ಬರುವುದಿಲ್ಲ. ಮೈಲಾರಿ ನಗಲಿಲ್ಲ. ಹೊರಗೆ ಹೋಗಿ ಕಲ್ಲುಬೆಂಚಿನ ಮೇಲೆ ಕೂತು ಮುಖ ಮುಚ್ಚಿಕೊಂಡ. ಕಸ್ತೂರಿ ಹತ್ತಿರ ಹೋದರೆ, "ನೀ ಮುಂದ ನಡಿ, ನಾ ಬರ್ತೀನಿ," ಎಂದ, ತಲೆ ಎತ್ತದೆ. ಅಂದಿನಿಂದ ಪ್ರತಿ ಭಾನುವಾರ ಬಂದು ಅಪ್ಪನಿಗೆ ಸ್ನಾನ ಮಾಡಿಸಿದ, ಉಗುರು ಕತ್ತರಿಸಿದ. ತಂಗಿಯ ಕಣ್ಣನ್ನು ಮಾತ್ರ ನೋಡುತ್ತಿರಲಿಲ್ಲ. ಪರೀಕ್ಷೆಯಲ್ಲಿ ಅವಳ ಪಾಲಿನ ಉತ್ತರವನ್ನು ತಾನು ಕದ್ದು ಬರೆದವನಂತೆ ಮನೆಯಲ್ಲಿ ಓಡಾಡುತ್ತಿದ್ದ.

*

ಮಳೆಗಾಲ ಕಳೆಯುವ ಹೊತ್ತಿಗೆ ಫಕೀರಪ್ಪ ತುಂಬ ಸೋತಿದ್ದ. ಕನಸಿನ ಬೀದಿಯಲ್ಲಿ ಬೆಳಕು ಕಡಿಮೆಯಾಗುತ್ತಿತ್ತು, ಗೋಡೆಗಳ ಆಚೆ ತುದಿ ಕರಗಿಹೋಗಿತ್ತು. ಅಪ್ಪ ಒಂದು ಅಕ್ಷರ ಬರೆದು ಮುಂದಿನದನ್ನು ಮರೆತು ನಿಲ್ಲುತ್ತಿದ್ದ.

"ಇನ್ನೊಂದು ಸಲ ಆಗ್ತದ," ಎಂದರು ಝರೀನಾ. "ಹೆಚ್ಚಂದ್ರ ಎರಡು. ಯಾರು ಹೋಗೂದು ನೀವ ಯೋಚನೆ ಮಾಡ್ರಿ."

ಯೋಚನೆ ಮಾಡುವಂಥದ್ದೇನೂ ಇರಲಿಲ್ಲ, ಹೋಗಬೇಕಾದವಳು ಅವ್ವನೇ. ಕಾಶವ್ವ ಮಾತ್ರ ಒಪ್ಪಲೊಲ್ಲಳು. "ನಾ ಏನ್ ಮಾತಾಡ್ಲಿ? ದಿನಾ ಬಾಜೂಕ ಇರ್ತೀನಲ್ಲ?" ಎಂದಳು. ಮರುಗಳಿಗೆ, "ಅಲ್ಲಿ ಸೀರಿ ಕಾಣಸ್ತೈತೇನು?" ಎಂದಳು. ಹೊರಡುವ ದಿನ ತಲೆಗೆ ಎಣ್ಣೆ ಹಚ್ಚಿ ಬಾಚಿ ಬಂದಳು. ಟೊಪ್ಪಿಗೆಯ ತಂತಿ ಎಣ್ಣೆಗೆ ಹಿಡಿಯುವುದಿಲ್ಲವೆಂದು ಆಸ್ಪತ್ರೆಯಲ್ಲಿ ಮತ್ತೆ ಸೀಗೆಪುಡಿ ತರಿಸಿ ತೊಳೆಯಬೇಕಾಯಿತು. ಮಂಚದ ಮೇಲೆ ಮಲಗಿ, ಪಕ್ಕದ ಮಂಚದ ಗಂಡನನ್ನು ಒಮ್ಮೆ ನೋಡಿ, ನಾಚಿಕೊಂಡು ಆ ಕಡೆ ಮಗ್ಗಲಾದಳು. ಹತ್ತೇ ನಿಮಿಷದಲ್ಲಿ ನಿದ್ದೆ ಹೋದಳು. ಅವಳಷ್ಟು ಬೇಗ ಹೊಂದಿಕೊಂಡವರನ್ನು ಆ ಯಂತ್ರ ಕಂಡಿರಲಿಲ್ಲ.

ಕಸ್ತೂರಿ ಪರದೆಯನ್ನು ನೋಡುತ್ತಿದ್ದಳು. ಎರಡು ಗೆರೆಗಳು ಎಷ್ಟು ಒತ್ತಾಗಿ ಹರಿಯುತ್ತಿದ್ದವೆಂದರೆ ಒಂದೇ ಗೆರೆ ದಪ್ಪಗೆ ಎಳೆದಂತಿತ್ತು. ಬಾಗಿಲ ಹೊರಗೆ ಮೈಲಾರಿ ನೆಲ ನೋಡುತ್ತ ಕೂತಿದ್ದ. ಅವನನ್ನು ಹಾಗೆ ನೋಡಲು ಅವಳಿಂದ ಆಗಲಿಲ್ಲ.

"ಡಾಕ್ಟರ್ರ, ಈಗ ಹೇಳ್ರಿ," ಎಂದಳು.

ಝರೀನಾ ಪೆನ್ಸಿಲ್ ಕೆಳಗಿಟ್ಟರು. ಏನನ್ನು ಎಂದು ಕೇಳಲಿಲ್ಲ. "ಖರೇನ ಕೇಳ್ಲಿಕತ್ತೀರೇನು?"

"ಹೌದ್ರಿ."

"ನಿಮಗೂ ಅದ, ಕಸ್ತೂರಿ. ಮೊದಲನೇ ದಿನಾನ ಕಂಡಿತ್ತು."

ಎಸಿಯ ಗುಂಯ್ ಸದ್ದು ದೂರದಲ್ಲೆಲ್ಲೋ ಕೇಳುತ್ತಿತ್ತು. ಕಸ್ತೂರಿ ತನ್ನ ಬಲಗೈಯನ್ನು ಮೇಜಿನ ಮೇಲೆ ಚಾಚಿ ನೋಡಿಕೊಂಡಳು. ಅದು ಸುಮ್ಮನೆ ಮಲಗಿತ್ತು.

"ಎಷ್ಟು ವರ್ಷ?"

"ಹತ್ತು ಇರಬಹುದು, ಹದಿನೈದು ಇರಬಹುದು. ಆ ಹೊತ್ತಿಗೆ ಔಷಧ ಬರ್ತದ ಅಂತ ಹೇಳಿ ನಿಮ್ಮನ್ನ ಸಮಾಧಾನ ಮಾಡಬಹುದು. ಇವತ್ತು ಹಂಗ ಹೇಳೂದಿಲ್ಲ. ಇವತ್ತು ನಿಮ್ಮ ಜೋಡಿ ಕೂಡ್ತೀನಿ."

ಝರೀನಾ ಹಾಗೇ ಕೂತರು. ಕಸ್ತೂರಿ ಅತ್ತಳು, ಸದ್ದಾಗದಂತೆ, ಗಾಜಿನ ಆಚೆ ಮಲಗಿದವರಿಗೆ ಎಚ್ಚರವಾಗಬಾರದೆಂಬಂತೆ. ಆಮೇಲೆ ಮುಖ ತೊಳೆದು ಹೊರಗೆ ಹೋಗಿ ಅಣ್ಣನ ಪಕ್ಕ ಕೂತಳು. ಅವನು ತಲೆ ಎತ್ತಿದ, ಬಹಳ ದಿನಗಳ ಮೇಲೆ ಅವಳ ಕಣ್ಣು ನೋಡಿದ, ನೋಡುತ್ತಲೇ ತಿಳಿದುಕೊಂಡ. ಅವಳ ತಲೆಯನ್ನು ಎಳೆದು ಭುಜಕ್ಕೆ ಒತ್ತಿಕೊಂಡ.

"ಅವ್ವಗ ಹೇಳಬ್ಯಾಡಣ್ಣಾ. ಇವತ್ತು ಬ್ಯಾಡ."

"ಹೂಂ."

"ನಾಳೆ ನಾನ ಹೇಳ್ತೀನಿ. ಸುಳ್ಳು ಸಾಕಾಗಿ ಹೋಗೈತಿ ನಮ್ಮ ಮನ್ಯಾಗ. ಇವತ್ತೊಂದಿನ ಬ್ಯಾಡ."

ಒಳಗೆ ಕಾಶವ್ವ ಕಣ್ಣು ತೆರೆದಾಗ ಕಸ್ತೂರಿ ಬಿಸಿನೀರಿನ ಬಟ್ಟೆ ಹಿಡಿದು ತಲೆದಿಂಬಿನ ಬಳಿ ನಿಂತಿದ್ದಳು. ಟೊಪ್ಪಿಗೆ ಬಿಚ್ಚಿ, ತಂತಿ ಹಿಡಿಯಲೆಂದು ಅವ್ವನ ಬಿಳಿಗೂದಲಿಗೆ ಹಚ್ಚಿದ್ದ ಲೇಪವನ್ನು ಒರೆಸತೊಡಗಿದಳು.

"ಏನಂದ್ರು ಯವ್ವಾ?"

ಕಾಶವ್ವನ ಮುಖ ಊದಿಕೊಂಡು ಕೆಂಪಗಾಗಿತ್ತು. "ಜಗಳಾಡಿದ್ವಿ," ಎಂದಳು.

"ಜಗಳಾ?"

"ಹೊಟ್ಟಿ ತುಂಬ ಜಗಳಾಡಿದ್ವಿ. ಮಕ್ಕಳ ಮುಂದ ಸುಳ್ಳು ಯಾಕ ಹೇಳಿದ್ರಿ ಅಂದೆ. ಅವ್ರು ಬೈದ್ರು, ನಾನೂ ಬೈದೆ. ಎಷ್ಟ್ ವರ್ಷಾಗಿತ್ತು." ಅವಳು ಮತ್ತೆ ಕಣ್ಣು ಮುಚ್ಚಿದಳು. ಮುಚ್ಚಿದ ರೆಪ್ಪೆಗಳ ಕೆಳಗೆ ಏನೋ ಇನ್ನೂ ಚಲಿಸುತ್ತಿತ್ತು. ತುಟಿಯ ಅಂಚಿನಲ್ಲಿ ನಗು ಬಂತು. "ಆಮ್ಯಾಲಿಂದು ಹೇಳಂಗಿಲ್ಲ. ಅದು ನಮ್ಮಿಬ್ಬರದು."

"ಹೇಳಬ್ಯಾಡ ಬಿಡು."

"ನಿನ್ನ ಕೈ ಯಾಕ ಥಣ್ಣಗಾಗ್ಯಾವ?"

"ಎಸಿ ಐತಿ ಯವ್ವಾ ಇಲ್ಲಿ. ಇನ್ನೊಂದಿಷ್ಟು ಮಕ್ಕೋ."

ಕೂದಲಿನ ಲೇಪವೆಲ್ಲ ಹೋಗಿತ್ತು. ಆದರೂ ಕಸ್ತೂರಿ ಬಟ್ಟೆಯನ್ನು ಮತ್ತೆ ಬಿಸಿನೀರಿಗೆ ಅದ್ದಿ ಹಿಂಡಿ ಒರೆಸುತ್ತಲೇ ಇದ್ದಳು, ಅವ್ವ ಇನ್ನೂ ಸ್ವಲ್ಪ ಹೊತ್ತು ಕಣ್ಣು ತೆರೆಯದಿರಲಿ ಎಂದು.